ಹೆಬ್ಬೆಟ್ಟಿನ ಗೆರೆ

ಬಿಜೈಯಲ್ಲಿ ನನ್ನ ಪಿಗ್ಮಿಯ ಫ್ಲ್ಯಾಟುಗಳು ಇಪ್ಪತ್ತೆರಡು.
ಸಂಜೆ ನಾಲ್ಕಕ್ಕೆ ಶುರು, ಮೇಲಿನಿಂದ ಕೆಳಗೆ,
ಲಿಫ್ಟು ಕೆಟ್ಟ ದಿನ ಕೆಳಗಿನಿಂದ ಮೇಲೆ.
ಐನೂರಾ ಮೂರರ ಬಾಗಿಲು ತೆರೆಯುತ್ತಿದ್ದದ್ದು
ಚಿಲಕಕ್ಕೆ ತುದಿಗಾಲಲ್ಲಿ ನಿಲ್ಲುವ ಒಂದು ಹುಡುಗಿ.
ಐವತ್ತರ ನೋಟನ್ನು ಎರಡು ಬೆರಳ ತುದಿಯಲ್ಲಷ್ಟೇ ಹಿಡಿದು ಕೊಡುವಳು.
ಉಳಿದ ಬೆರಳ ಸಂದಿಗಳು
ನೀರಲ್ಲಿ ಮರೆತ ಅವಲಕ್ಕಿಯಂತೆ ಬೆಳ್ಳಗೆ ಊದಿದ್ದವು.

“ಕೆಲಸದವಳಲ್ಲ ಮಾರಾಯ್ತಿ, ನಮ್ಮ ಮಗಳ ಹಾಗೆ,”
ಅಂದರು ಮನೆಯಾಕೆ, ನಾನು ಕೇಳುವ ಮೊದಲೇ.
ಮಗಳು ಈಜು ಕ್ಲಾಸಿಗೆ ಹೋಗಿದ್ದಳು.
ಆ ‘ಹಾಗೆ’ ಎಂಬ ಶಬ್ದ
ರಾತ್ರಿ ಗ್ರೈಂಡರಿನ ಪಕ್ಕ ಚಾಪೆ ಬಿಡಿಸಿ ಮಲಗುತ್ತದೆ,
ಹಾಲಿನವನ ಬೆಲ್ಲಿಗೆ ಎದ್ದು ಕೂರುತ್ತದೆ.

ಒಂದು ದಿನ ಮನೆಯಲ್ಲಿ ಯಾರೂ ಇಲ್ಲ.
“ಅಕ್ಕಾರ, ನಾನೂ ದಿನಾ ಎರಡು ರೂಪಾಯಿ ಇಟ್ರ ನಡೀತೈತೇನ್ರಿ?”
ಎಲ್ಲಿಂದ ತರುತ್ತೀ ಎಂದೆ.
“ಅಂಗಡಿಯಾಂವ ಚಿಲ್ಲರೆ ಇಲ್ಲಂತ ಚಾಕಲೇಟ್ ಕೊಡ್ತಾನ್ರಿ.
ಬ್ಯಾಡ, ರೊಕ್ಕಾನ ಕೊಡು ಅಂತೀನಿ.”

ಮೆಟ್ಟಿಲ ಮೇಲೆ ಕೂತು ಅರ್ಜಿ ತುಂಬಿಸಿದೆವು.
ಹೆಸರು? ಮನೆಯಲ್ಲಿ ಕರೆಯುವುದು ಪಿಂಕಿ.
“ಅದು ಇವರು ಇಟ್ಟದ್ದು. ನಾ ಹುಲಿಗೆಮ್ಮ.”
ಹುಟ್ಟಿದ್ದು? “ಕೆರಿ ಒಡೆದ ವರ್ಷ.”
ಉದ್ಯೋಗ?
ನನ್ನ ಪೆನ್ನು ಅಲ್ಲಿ ನಿಂತಿತು.
ಮೂವತ್ತು ವರ್ಷ ಲೆಕ್ಕದಲ್ಲಿ ಒಂದು ಪೈಸೆ ಸುಳ್ಳು ಬರೆಯದವಳು
‘ವಿದ್ಯಾರ್ಥಿನಿ’ ಎಂದು ಬರೆದೆ.

ಯಂತ್ರ ಒಪ್ಪಲಿಲ್ಲ. ಸುಳ್ಳಿಗಲ್ಲ, ಹೆಬ್ಬೆಟ್ಟಿಗೆ.
ಒತ್ತಿದಳು. ಲಂಗಕ್ಕೆ ಒರೆಸಿ ಒತ್ತಿದಳು. ಎಡಗೈಯದ್ದು ಒತ್ತಿದಳು.
ಪಾತ್ರೆ ತೊಳೆಯುವ ಪುಡಿ ಗೆರೆಗಳನ್ನು ತಿಂದು ಮುಗಿಸಿತ್ತು.

ಮೀನು ತರಲು ಕಳಿಸಿದ ಹೊತ್ತಿನಲ್ಲಿ
ಬಸ್ಸು ಹತ್ತಿಸಿ ವೆನ್‌ಲಾಕಿಗೆ ಕರಕೊಂಡು ಹೋದೆ.
ಡಾಕ್ಟರಮ್ಮ ಹಲ್ಲು ನೋಡಿದರು, ಕೈ ನೋಡಿದರು, ನನ್ನನ್ನು ನೋಡಿದರು.
ಚೀಟಿಯಲ್ಲಿ ಬರೆದದ್ದು: ಮುಲಾಮು, ದಿನಕ್ಕೆರಡು ಸಲ.
ಎರಡು ತಿಂಗಳು ಸಾಬೂನು ನೀರು ಮುಟ್ಟಬಾರದು.
ವಯಸ್ಸು ಹನ್ನೊಂದು.

ಆ ಚೀಟಿ ಪರ್ಸಿನಲ್ಲಿಟ್ಟುಕೊಂಡು ನಾಲ್ಕು ದಿನ
ಏನೂ ಮಾಡದೆ ಮೆಟ್ಟಿಲು ಹತ್ತಿದೆ, ಇಳಿದೆ.
ಸುಳ್ಳು ಹೇಳಬಾರದು, ಹೆದರಿಕೆಯಾಗಿತ್ತು;
ಕಮಿಷನ್ನಿನಲ್ಲೇ ನಮ್ಮ ಕುಚ್ಚಲಕ್ಕಿ.
ಐದನೆಯ ದಿನ ಫೋನಿನಲ್ಲಿ ಒತ್ತಿದೆ:
ಒಂದು, ಸೊನ್ನೆ, ಒಂಬತ್ತು, ಎಂಟು.

ಈಗ ಬಿಜೈಯಲ್ಲಿ ನನಗೆ ಹದಿನಾರೇ ಫ್ಲ್ಯಾಟು.
ಆರು ಬಾಗಿಲು ಒಟ್ಟಿಗೆ ಮುಚ್ಚಿಕೊಂಡವು.

ಹುಲಿಗೆಮ್ಮ ಬೋಂದೆಲಿನ ಹಾಸ್ಟೆಲಿನಲ್ಲಿ.
ನಾಲ್ಕನೇ ಕ್ಲಾಸು, ಕೊನೆಯ ಬೆಂಚು, ಎಲ್ಲರಿಗಿಂತ ಎತ್ತರ.
ಟೀಚರ್ ಚಾ ಕುಡಿದು ಮುಗಿಸುವ ಮೊದಲೇ
ಲೋಟ ತೊಳೆಯಲು ಎದ್ದು ನಿಲ್ಲುತ್ತಾಳೆ.
“ಕಾಗುಣಿತ ಆಮೇಲೆ,” ಅಂದರು ಟೀಚರ್,
“ಸುಮ್ಮನೆ ಕೂರುವುದನ್ನು ಕಲಿಸುತ್ತಾ ಇದ್ದೇನೆ.”

ಕುಷ್ಟಗಿಯಿಂದ ಅವಳ ಅವ್ವನ ಫೋನು:
“ಬಾಯಾರ, ತಿಂಗಳಾ ಎರಡು ಸಾವಿರ ಬರ್ತಿತ್ರಿ. ನಿಂತೈತಿ.
ನಾವ್ ಏನ್ ಮಾಡ್ಬೇಕ್ರಿ ಈಗ?”
ನನ್ನ ರಶೀದಿ ಪುಸ್ತಕದಲ್ಲಿ ಅದಕ್ಕೆ ಹಾಳೆಯಿಲ್ಲ.
ಸಂಘದವರು ಎರಡು ಆಡು ಕೊಡಿಸಿದ್ದರು; ಒಂದು ಸತ್ತಿತು.
ತಂಗಿಯನ್ನು ಕೇಳಿಕೊಂಡು ಯಾರೋ ಬಂದಿದ್ದರಂತೆ,
ಉಡುಪಿಯ ಕಡೆಯ ಮನೆಯಂತೆ, ಬಾಳ ಒಳ್ಳೆಯವರಂತೆ,
ಮಗಳ ಹಾಗೆ ನೋಡುತ್ತಾರಂತೆ.

ಶನಿವಾರ ಹಾಸ್ಟೆಲಿನ ಜಗಲಿಯಲ್ಲಿ
ಹುಲಿಗೆಮ್ಮ ಅಂಗೈ ಮೇಲೆ ಬೆರಳಿಂದ ಲೆಕ್ಕ ಬರೆದಳು:
ಎರಡು ಸಾವಿರಕ್ಕೆ, ಎರಡೆರಡರಂತೆ, ಸಾವಿರ ದಿನ.
“ತಂಗಿಗೆ ಅಷ್ಟರಾಗ ಹತ್ತು ತುಂಬ್ತಾವ್ರಿ.
ಲಗೂನ ಆಗೂದಿಲ್ಲೇನ್ರಿ ಅಕ್ಕಾರ?”

ಉತ್ತರ ಇಲ್ಲದ್ದಕ್ಕೆ ಯಂತ್ರ ಮುಂದಿಟ್ಟೆ.
ಹೆಬ್ಬೆಟ್ಟು ಒತ್ತಿದಳು. ಮತ್ತೊಮ್ಮೆ, ಅಂದಿತು.
ಒತ್ತಿದಳು. ಮತ್ತೊಮ್ಮೆ.
ಮೂರನೆಯ ಸಲ ಹಸಿರು ದೀಪ.

ಅವಳು ಬೆರಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.
ಆಮೇಲೆ ನನ್ನ ಫೋನು ಕೇಳಿದಳು.
“ಯವ್ವಾ, ಅಕೀನ್ನ ಕಳಸಬ್ಯಾಡ.
ನನ್ನ ಕೈಯಾಗ ಈಗ ಗೆರಿ ಬಂದಾವ.”
ಆ ಕಡೆಯಿಂದ ಮಾತಿಲ್ಲ.
ಉಳಿದ ಆಡು ಕೂಗುತ್ತಿತ್ತು.